ಮೂರನೆಯ ಬಾಯಿ

ಡಾಕ್ಟರ್ ಆದಿನಾರಾಯಣನಿಗೆ ಆ ಬೆಳಗ್ಗೆ ಎದ್ದಾಗಿನಿಂದಲೇ ಆರುಮುಗಂ ಮೇಲೆ ಸಿಟ್ಟಿತ್ತು. ಹಲ್ಲುಜ್ಜುವಾಗ ಇತ್ತು, ಷೂಗೆ ಪಾಲಿಶ್ ತಿಕ್ಕುವಾಗ ಇತ್ತು, ಕ್ವಾರ್ಟರ್ಸಿನ ಗೇಟು ತೆಗೆದು ಊರಿಗಾಮಿನ ಚಿನ್ನದ ಗಣಿಯ ಕೆಂಪು ರಸ್ತೆಗೆ ಇಳಿದಾಗ ಅದೂ ಜೊತೆಗೆ ಇಳಿಯಿತು. ನಿಜ ಹೇಳಬೇಕೆಂದರೆ ಸಿಟ್ಟು ಯಾರ ಮೇಲೆ ಎಂಬುದು ಅವನಿಗೆ ಅಷ್ಟು ಖಚಿತವಿರಲಿಲ್ಲ. ಆರುಮುಗಂ ಎಂಬವನು ಕೈಗೆ ಸಿಕ್ಕುವಷ್ಟು ಹತ್ತಿರದಲ್ಲಿದ್ದ, ಅಷ್ಟೆ. ನಿನ್ನೆ ಮಧ್ಯಾಹ್ನ ಚಿಕ್ಕಮುನಿಯಪ್ಪ ಎಂಬ ಕೂಲಿಯವನ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿ ತೆಗೆದವನು ಆದಿನಾರಾಯಣ. ಕಾಲು ಹೋಗುತ್ತದೆ ಎಂದು ಚಿಕ್ಕಮುನಿಯಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಆದಿನಾರಾಯಣನಿಗೆ ಗೊತ್ತಿತ್ತು. ಇವತ್ತು ಹೇಳಬೇಕು. ತಾನೇ ಹೇಳಬೇಕು, ತನ್ನ ಬಾಯಿಂದ, ನಡುವೆ ಯಾರೂ ಇಲ್ಲದೆ. ರಸ್ತೆಯ ಬಲಕ್ಕೆ ಗಣಿಯಿಂದ ತೆಗೆದು ಸುರಿದ ಬೂದು ಮಣ್ಣಿನ ಗುಡ್ಡ ಇತ್ತು. ಗಾಳಿ ಬೀಸಿ ಅದರ ಹುಡಿ ಬಾಯಿಗೆ ಬಂದು ಹಲ್ಲಿನ ನಡುವೆ ಕರಕರ ಎಂದಿತು. ಅವನು ಉಗಿದ. ಎದುರಿಗೆ ಬರುತ್ತಿದ್ದ ಇಬ್ಬರು ಹೆಂಗಸರು ಅದನ್ನು ನೋಡಿ ತಲೆ ತಗ್ಗಿಸಿ ರಸ್ತೆಯ ಅಂಚಿಗೆ ಸರಿದು ನಿಂತರು. ಡಾಕ್ಟರು ರಸ್ತೆಯಲ್ಲಿ ಉಗಿಯುತ್ತಾನೆ ಎಂದು ಇವರು ಈಗ ಕೂಲಿಗಳ ಲೈನ್ ಮನೆಗಳಲ್ಲೆಲ್ಲ ಹೇಳಿಕೊಂಡು ಬರುತ್ತಾರೆ ಎಂದುಕೊಂಡ. ಆಮೇಲೆ, ಹೇಳಿಕೊಳ್ಳುವಷ್ಟು ತನ್ನ ಬಗ್ಗೆ ಇವರಿಗೆ ಕುತೂಹಲ ಎಲ್ಲಿದೆ ಎಂದುಕೊಂಡ. ಎರಡನೆಯದು ಇನ್ನೂ ಹೆಚ್ಚು ನೋಯಿತು.

ಆರುಮುಗಂ ಆಸ್ಪತ್ರೆಯ ಡ್ರೆಸ್ಸರು. ಗಾಯ ತೊಳೆದು ಬ್ಯಾಂಡೇಜು ಸುತ್ತುವುದು ಅವನ ಕೆಲಸ. ಆದರೆ ಅವನ ಸಂಬಳದಲ್ಲಿ ಸೇರದ, ಅವನು ಎಲ್ಲಕ್ಕಿಂತ ಪ್ರೀತಿಯಿಂದ ಮಾಡುವ ಇನ್ನೊಂದು ಕೆಲಸವಿತ್ತು. ರೋಗಿ ಮತ್ತು ಡಾಕ್ಟರ ನಡುವೆ ಅವನು ನಿಲ್ಲುತ್ತಿದ್ದ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಕೈಕಟ್ಟಿದ ಭಂಗಿ, ಮುಖದಲ್ಲಿ ಈಗ ತಾನೇ ದೇವರ ಹತ್ತಿರ ಮಾತಾಡಿ ಬಂದಂಥ ಗಾಂಭೀರ್ಯ. ಇಂಗ್ಲಿಷ್ ಡಾಕ್ಟರುಗಳೇ ಇದ್ದ ಕಾಲದಲ್ಲಿ ದೊರೆ ಇಂಗ್ಲಿಷಿನಲ್ಲಿ ಹೇಳುವುದು, ಡ್ರೆಸ್ಸರು ಅದನ್ನು ತಮಿಳಿಗೋ ತೆಲುಗಿಗೋ ಕನ್ನಡಕ್ಕೋ ತರುವುದು, ರೋಗಿ ಡ್ರೆಸ್ಸರಿಗೆ ಉತ್ತರ ಹೇಳುವುದು, ಹೀಗೆ ಒಂದು ಕ್ರಮ ಬಿದ್ದಿತ್ತು. ದೊರೆಯ ಮುಖ ನೋಡಿ ನೇರ ಉತ್ತರ ಕೊಡುವುದು ಹೆಚ್ಚುಗಾರಿಕೆ. ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು, ಕುರ್ಚಿಯಲ್ಲಿ ಬಂಗಾರಪೇಟೆ ಸೀಮೆಯ ಹಳ್ಳಿಯವನೊಬ್ಬ ಬಂದು ಕೂತ, ಕೂತು ಕನ್ನಡದಲ್ಲೇ ಮಾತಾಡಿದ. ಕ್ರಮ ಮಾತ್ರ ಅಲ್ಲಾಡಲಿಲ್ಲ. ‘ನಿಮಗೆ ಎಷ್ಟು ದಿನಗಳಿಂದ ಜ್ವರವಿದೆ?’ ಎಂದು ಆದಿನಾರಾಯಣ ಕೇಳುತ್ತಾನೆ. ಮುದುಕಿ ಆರುಮುಗನ ಕಡೆ ತಿರುಗುತ್ತಾಳೆ. ‘ಎಷ್ಟ್ ದಿನದಿಂದ ಜರ ಐತಮ್ಮಾ ಅಂತ ಕೇಳ್ತವ್ರೆ’ ಎಂದು ಆರುಮುಗಂ ಹೇಳುತ್ತಾನೆ. ‘ಸಂತೆ ದಿನದಿಂದ ಕಣಣ್ಣ’ ಎಂದು ಮುದುಕಿ ಆರುಮುಗನಿಗೆ ಹೇಳುತ್ತಾಳೆ. ಆರುಮುಗಂ ಡಾಕ್ಟರ ಕಡೆ ತಿರುಗಿ, ‘ಫ್ರಂ ಸಂತೆ ಡೇ ಸಾರ್’ ಎನ್ನುತ್ತಾನೆ. ಆ ಕೋಣೆಯಲ್ಲಿ ಯಾರಿಗೂ ಇದು ನಗುವ ವಿಷಯವಾಗಿ ಕಾಣುವುದಿಲ್ಲ. ಆದಿನಾರಾಯಣ ‘ಸಂತೆ ದಿನ’ ಎಂದು ಬರೆದುಕೊಳ್ಳುತ್ತಾನೆ, ಪೆನ್ನಿನ ತುದಿ ಕಾಗದದಲ್ಲಿ ತೂತು ಬೀಳುವಷ್ಟು ಒತ್ತಿ.

ಮೊದಮೊದಲು ಅವನು ಆರುಮುಗನನ್ನು ಹೊರಗೆ ಕಳಿಸಿ ನೋಡಿದ್ದ. ರೋಗಿಗಳು ಬಾಯಿ ಬಿಡುತ್ತಿರಲಿಲ್ಲ. ನೆಲ ನೋಡುವರು, ಇಲ್ಲವೇ ಬಾಗಿಲು ನೋಡುವರು. ಅವನು ಮತ್ತೆ ಮತ್ತೆ ಕೇಳಿದರೆ ‘ಆಯ್ತು ಸಾಮಿ’ ಎಂದು ಎದ್ದು ಹೋಗುವರು, ಹೋಗಿ ವರಾಂಡದಲ್ಲಿ ಆರುಮುಗನನ್ನು ಹಿಡಿದು ಡಾಕ್ಟರು ಏನಂದರು ಎಂದು ಕೇಳುವರು. ಆರುಮುಗಂ ಒಳಗಿರದಿದ್ದರೂ ಹೇಳುತ್ತಿದ್ದ. ಸೂಪರಿಂಟೆಂಡೆಂಟ್ ಹಾರ್ಪರ್ ಇದನ್ನು ಕಂಡು ನಕ್ಕಿದ್ದ. ಉಳಿದಿರುವ ಒಬ್ಬನೇ ದೊರೆ ಅವನು. ಹೋಗುವ ತಾರೀಖನ್ನು ಮುಂದಕ್ಕೆ ಹಾಕುತ್ತಲೇ ಇರುವವನು. ‘ಆದಿ, ಅವನನ್ನು ಉಪಯೋಗಿಸಿಕೋ. ಅವರಿಗೆ ಅವನ ಮೇಲೆ ನಂಬಿಕೆ ಇದೆ. ನಿನ್ನ ಭಾಷೆ ಅವರಿಗೆ ಅರ್ಥವಾಗುವುದಿಲ್ಲ’ ಎಂದಿದ್ದ. ನಿನ್ನ ಭಾಷೆ. ಹೇಳಿದವನು ಇಪ್ಪತ್ತು ವರ್ಷ ಇಲ್ಲಿದ್ದು ‘ನೀರು’ ‘ಬೇಗ’ ‘ಕತ್ತೆ’ ಇಷ್ಟೇ ಕಲಿತವನು. ಅದಕ್ಕಿಂತ ಕಹಿಯಾದದ್ದೆಂದರೆ ಹಾರ್ಪರ್ ಹೇಳಿದ್ದು ಸುಳ್ಳಲ್ಲ. ಆದಿನಾರಾಯಣನ ಕನ್ನಡ ಈಗ ಮೈಸೂರಿನ ಕಾಲೇಜಿನಲ್ಲಿ ಹೊಲಿಸಿಕೊಂಡ ಕೋಟಿನ ಹಾಗೆ ಇತ್ತು. ಅಲ್ಲಿ ಮೊದಲನೆಯ ವರ್ಷ ಅವನು ‘ಓಗ್ತೀನಿ’ ಎಂದಾಗ ಹಾಸ್ಟೆಲಿನ ಊಟದ ಸಾಲೆಲ್ಲ ನಕ್ಕಿತ್ತು. ಬಡಿಸುವವನು ಸಾಂಬಾರಿನ ಸೌಟು ಹಿಡಿದುಕೊಂಡೇ ನಕ್ಕಿದ್ದ. ಆಮೇಲೆ ಅವನ ಬಾಯಿಂದ ಹಕಾರ ಒಂದೂ ಬಿದ್ದುಹೋಗಲಿಲ್ಲ. ಕಾವಲು ಕೂತು ಕಾದ.

ಮುಂದೆ ಓದಲು ಹೋದ ಗ್ಲಾಸ್ಗೋದಲ್ಲಿ ಇನ್ನೊಂದು ಸಲ ಕಾಯಬೇಕಾಯಿತು. ಹಡಗುಕಟ್ಟೆಯ ಕೆಲಸಗಾರರ ವಾರ್ಡು, ಹೊರಗೆ ಕಲ್ಲಿದ್ದಲ ಹೊಗೆ. ಪ್ರೊಫೆಸರು ನಾಲ್ಕು ಸೂತ್ರ ಹೇಳಿಕೊಟ್ಟಿದ್ದರು. ಏನಾಗಿದೆ ಹೇಳು, ಏನು ಮಾಡುತ್ತೇವೆ ಹೇಳು, ಮಾಡದಿದ್ದರೆ ಏನಾಗುತ್ತದೆ ಹೇಳು, ಕೇಳುವುದಿದೆಯೇ ಎಂದು ಕೇಳು. ಆದಿನಾರಾಯಣ ಒಬ್ಬ ಮುದುಕನ ಹಾಸಿಗೆಯ ಪಕ್ಕ ಕೂತು ನಾಲ್ಕನ್ನೂ ಚಾಚೂ ತಪ್ಪದೆ ಹೇಳಿದ. ಮುದುಕ ಕೊನೆಯವರೆಗೂ ಕೇಳಿಸಿಕೊಂಡು, ಅವನ ತಲೆಯ ಮೇಲಿಂದ ನರ್ಸಿನ ಕಡೆ ನೋಡಿ, ‘ಈ ಕರಿಯ ಹುಡುಗ ಏನಂತಾನೆ ಸಿಸ್ಟರ್?’ ಎಂದ. ಸಿಸ್ಟರು ಅವವೇ ಮಾತುಗಳನ್ನು, ಒಂದನ್ನೂ ಬದಲಿಸದೆ, ಮತ್ತೆ ಹೇಳಿದಳು. ಮುದುಕ ತಲೆಯಾಡಿಸಿದ. ಅಂದಿನಿಂದ ಅವನು ಬಾಡಿಗೆ ಕೋಣೆಯ ಕನ್ನಡಿಯೆದುರು ತುಟಿ ದುಂಡಗೆ ಮಾಡಿ, ಚಪ್ಪಟೆ ಮಾಡಿ ಅವರ ಸ್ವರಗಳನ್ನು ಕಲಿತ. ಕಲಿತು ಮುಗಿಯುವ ಹೊತ್ತಿಗೆ ಊರಿಗೆ ಹೊರಡುವ ಹಡಗು ಬಂತು. ಅಲ್ಲಿ ಸಿಸ್ಟರು, ಇಲ್ಲಿ ಆರುಮುಗಂ. ತನ್ನ ಮಾತು ತನ್ನ ಬಾಯಿಂದ ನೇರವಾಗಿ ಯಾರ ಕಿವಿಗೂ ಹೋಗಿ ಮುಟ್ಟುವುದಿಲ್ಲವೇನೋ ಎಂಬ ಹೇಸಿಗೆ ಅವನಿಗೆ ಈ ರಸ್ತೆಯಲ್ಲಿ ದಿನಾ ಬೆಳಗ್ಗೆ ಹುಟ್ಟುತ್ತಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅದಕ್ಕೆ ಆರುಮುಗಂ ಎಂದು ಹೆಸರಿಡುವುದು ಸುಲಭವಾಗಿತ್ತು.

‘ಕಾಲು ತೆಗ್ದಿವ್ನಿ ಕಣಪ್ಪಾ. ತೆಗೀದಿದ್ರೆ ನೀನು ಉಳೀತಿರ್ಲಿಲ್ಲ.’ ಅವನು ನಡೆಯುತ್ತ ಮೆಲ್ಲಗೆ ಅಂದು ನೋಡಿದ. ಅಜ್ಜಿ ಪಿಳ್ಳಮ್ಮ ಹೇಳಿದ್ದರೆ ಹೀಗೇ ಹೇಳುತ್ತಿದ್ದಳು. ಆದರೆ ಅವನ ಬಾಯಲ್ಲಿ ಅದು ಅಣಕಿಸಿದ ಹಾಗೆ ಕೇಳಿಸಿತು, ಹಾಸ್ಟೆಲಿನ ಹುಡುಗರು ಅವನನ್ನು ಅಣಕಿಸುತ್ತಿದ್ದರಲ್ಲ, ಅದೇ ಧ್ವನಿ. ನಾಚಿಕೆಯಾಯಿತು. ಮತ್ತೆ ಅಂದ. ಈ ಸಲ ಸ್ವಲ್ಪ ವಾಸಿ. ನಿನ್ನೆಯೂ ಈ ವಾಕ್ಯ ನಾಲಿಗೆಯ ಮೇಲೆ ಬಂದು ಕೂತಿತ್ತು, ಅದನ್ನು ಅವನು ಮರೆಯಲಾರ. ಚಿಕ್ಕಮುನಿಯಪ್ಪ ಮರದ ಡಿಪೋದಲ್ಲಿ ಕೂಲಿ. ಸುರಂಗಕ್ಕೆ ಆಸರೆ ಕೊಡುವ ದಿಮ್ಮಿ ಉರುಳಿ ಪಾದದ ಮೇಲೆ ಬಿದ್ದಿತ್ತು. ಸೊಪ್ಪು ಅರೆದು ಕಟ್ಟಿಕೊಂಡು ಮನೆಯಲ್ಲೇ ಮಲಗಿದ್ದವನನ್ನು ಹೆಂಡತಿ ಮುನಿಶಾಮಮ್ಮ ಗಾಡಿಯಲ್ಲಿ ಹಾಕಿಕೊಂಡು ಬಂದಾಗ ಪಾದ ಕಪ್ಪಗಾಗಿತ್ತು. ಚರ್ಮದ ಮೇಲೆ ಬೆರಳಿಟ್ಟರೆ ಒಳಗೆ ಗಾಳಿಯ ಗುಳ್ಳೆ ಮಿಸುಕುತ್ತಿತ್ತು. ವಾಸನೆಗೆ ಪಕ್ಕದ ಹಾಸಿಗೆಯವನು ಗೋಡೆಯ ಕಡೆ ತಿರುಗಿಕೊಂಡಿದ್ದ. ಆದಿನಾರಾಯಣ ನಾಲ್ಕು ಸೂತ್ರಗಳನ್ನೂ ಪಾಲಿಸಿದ. ‘ನಿಮ್ಮ ಪಾದದಲ್ಲಿ ವಿಷ ವ್ಯಾಪಿಸಿದೆ. ಮಂಡಿಯ ಕೆಳಭಾಗದಲ್ಲಿ ಕಾಲನ್ನು ಛೇದಿಸದೆ ಅನ್ಯ ಮಾರ್ಗವಿಲ್ಲ. ತಡವಾದಲ್ಲಿ ಪ್ರಾಣಕ್ಕೆ ಅಪಾಯ. ನೀವು ಏನನ್ನಾದರೂ ಕೇಳಲು ಬಯಸುವಿರಾ?’ ಚಿಕ್ಕಮುನಿಯಪ್ಪ ಆರುಮುಗನ ಕಡೆ ನೋಡಿದ. ಹೆಂಡತಿಯೂ ನೋಡಿದಳು. ಆರುಮುಗಂ ಗಂಟಲು ಸರಿಮಾಡಿಕೊಂಡ. ‘ಕಾಲಾಗೆ ಕೀವು ತುಂಬೈತಪ್ಪಾ. ಮತ್ತು ಬರೋ ಸೂಜಿ ಆಕಿ, ಗಾಯ ಬಿಡಿಸಿ, ಕೀವೆಲ್ಲ ತೆಗೆದು ಕ್ಲೀನ್ ಮಾಡ್ತಾರೆ. ಬಯ ಬೀಳ್ಬೇಡ.’

‘ತಿರ್ಗಾ ದಿಮ್ಮಿ ಒರಾಕಾಯ್ತದಾ ಕೇಳಣ್ಣ’ ಎಂದ ಚಿಕ್ಕಮುನಿಯಪ್ಪ.

ಆರುಮುಗಂ ಡಾಕ್ಟರನ್ನು ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ‘ಎಲ್ಲಾ ಆಯ್ತದೆ’ ಎಂದುಬಿಟ್ಟ.

ಆದಿನಾರಾಯಣನಿಗೆ ಎಲ್ಲವೂ ಕೇಳಿಸಿತು, ಎಲ್ಲವೂ ತಿಳಿಯಿತು. ಅವನು ಬಾಯಿ ಹಾಕಿ, ಇಲ್ಲ ಕಣಪ್ಪಾ, ಕಾಲೇ ಓಗ್ತೈತೆ ಎಂದಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಹಾರ್ಪರ್ ನಿಂತಿದ್ದ, ಆಪರೇಷನ್ ಥಿಯೇಟರಿನ ಸಿಸ್ಟರು, ಮಂಗಳೂರಿನವಳು, ನಿಂತಿದ್ದಳು. ಒಂದು ಕ್ಷಣ. ಆಮೇಲೆ ಚಿಕ್ಕಮುನಿಯಪ್ಪನ ಹೆಬ್ಬೆಟ್ಟಿಗೆ ಶಾಯಿ ಮೆತ್ತಿ ಒಪ್ಪಿಗೆಯ ಕಾಗದಕ್ಕೆ ಒತ್ತಿಸಿಕೊಂಡರು. ಹೋದ ತಿಂಗಳು ವೆಂಕಟರತ್ನಮ್ಮ ಎಂಬವಳಿಗೆ ಕೈ ತೆಗೆಯಬೇಕೆಂದು ಗೊತ್ತಾದ ಕೂಡಲೇ ಮನೆಯವರು ಎತ್ತಿಕೊಂಡು ಓಡಿಹೋದರು, ದಾರಿಯಲ್ಲೇ ಸತ್ತಳು. ಇವನೂ ಓಡಿಹೋಗಬಾರದಲ್ಲ, ಅದಕ್ಕೇ ಸುಮ್ಮನಿದ್ದೆ ಎಂದು ರಾತ್ರಿಯೆಲ್ಲ ಅವನು ತನಗೆ ತಾನೇ ವಾದ ಹೂಡಿದ್ದ. ವಾದ ಚೆನ್ನಾಗಿಯೇ ಇತ್ತು. ಯಾವ ಕಮಿಟಿಯೂ ಒಪ್ಪುತ್ತಿತ್ತು. ಆದರೆ ಬಾಯಿ ಮುಚ್ಚಿಸಿದ್ದು ವೆಂಕಟರತ್ನಮ್ಮನ ನೆನಪಲ್ಲ. ‘ಓಗ್ತೈತೆ’ ಎಂಬ ಮಾತನ್ನು ಹಾರ್ಪರನ ಎದುರು, ಮಂಗಳೂರಿನ ಆ ಸಿಸ್ಟರಿನ ಎದುರು ಆಡಬೇಕಲ್ಲ ಎಂಬ ಸಂಕೋಚ. ಒಬ್ಬ ಮನುಷ್ಯನ ಕಾಲಿಗೂ ತನ್ನ ಒಂದು ಹಕಾರಕ್ಕೂ ತಕ್ಕಡಿ ಹಿಡಿದು ಹಕಾರವನ್ನು ಉಳಿಸಿಕೊಂಡೆ ಎಂದು ಬೆಳಗಿನ ಜಾವ ಹೊಳೆದಾಗ ಅವನು ಎದ್ದು ಕೂತಿದ್ದ, ಕೂತು ಆರುಮುಗನನ್ನು ಬೈದಿದ್ದ.

ಆಸ್ಪತ್ರೆಯ ಮೆಟ್ಟಿಲ ಮೇಲೇ ಆರುಮುಗಂ ಸಿಕ್ಕಿದ. ಕೈಯಲ್ಲಿ ಎನಾಮಲ್ ಟ್ರೇ, ಮುಖದಲ್ಲಿ ಸಂತೃಪ್ತಿ. ‘ಗುಡ್ ಮಾರ್ನಿಂಗ್ ಸಾರ್. ಪೇಷೆಂಟು ಎಚ್ಚರ ಆಗವ್ನೆ. ನಾನೇ ಯೋಳ್ಬುಟ್ಟೆ ಸಾರ್.’

‘ಏನು ಹೇಳಿದೆ?’

‘ಕಾಲು ತೆಗ್ದದ್ದು ಸಾರ್. ಒಳಗೆ ನೋಡಿದ್ಮೇಲೇ ಡಾಕ್ಟರ್‌ಗೆ ಗೊತ್ತಾಗಿದ್ದು, ಪೂರಾ ಕೊಳ್ತೋಗಿತ್ತು, ವೇರೆ ದಾರಿಯೇ ಇರಲಿಲ್ಲ ಅಂದೆ. ಕೊಂಚ ಅತ್ತ. ಈಗ ಸರಿಯಾಗವ್ನೆ.’

ದಾರಿಯುದ್ದಕ್ಕೂ ಬಾಯಲ್ಲಿಟ್ಟು ಮೆದು ಮಾಡಿಕೊಂಡು ಬಂದ ವಾಕ್ಯ ಅಲ್ಲೇ ಉಳಿಯಿತು. ಇವನ ಕೆನ್ನೆಗೆ ಒಂದು ಬಿಡಬೇಕು ಎನ್ನಿಸಿತು ಆದಿನಾರಾಯಣನಿಗೆ. ತನ್ನ ಅಪರಾಧವನ್ನು ಒಪ್ಪಿಕೊಳ್ಳುವ ಕೆಲಸವನ್ನೂ ಇವನೇ ಕದ್ದು, ಜೊತೆಗೆ ತನಗಾಗಿ ಇನ್ನೊಂದು ಸುಳ್ಳನ್ನೂ ಹೊಸೆದು, ಮೆಚ್ಚುಗೆಗೆ ಕಾಯುತ್ತ ನಿಂತಿದ್ದಾನೆ. ‘ನಿನ್ನನ್ನು ಯಾರು ಕೇಳಿದರು?’ ಎಂದ. ಆರುಮುಗಂ ನಿಜವಾಗಿ ಬೆರಗಾದ. ‘ಅವ್ರೇ ಕೇಳಿದ್ರು ಸಾರ್’ ಎಂದ. ನಿಜವೇ. ಅವರು ಕೇಳುವುದು ಇವನನ್ನೇ. ಜೊತೆಗೆ, ನಾಚಿಕೆಗೇಡಿನ ಒಂದು ನಿರಾಳವೂ ಎದೆಯಲ್ಲಿ ಇಳಿಯಿತು. ಕಷ್ಟದ ಮಾತು ಯಾರೋ ಆಡಿ ಮುಗಿಸಿದ್ದಾರೆ. ಆ ನಿರಾಳವನ್ನು ಗುರುತಿಸಿದ್ದೇ ಸಿಟ್ಟು ಇಮ್ಮಡಿಯಾಯಿತು. ಆರುಮುಗನನ್ನು ಹಿಂದೆ ಬಿಟ್ಟು ಅವನು ಬಿರಬಿರನೆ ವಾರ್ಡಿಗೆ ನಡೆದ. ಆರುಮುಗಂ ಬಿಡಲಿಲ್ಲ, ಟ್ರೇ ಹಿಡಿದುಕೊಂಡೇ ಹಿಂದೆ ಬಂದ.

ಚಿಕ್ಕಮುನಿಯಪ್ಪ ಛಾವಣಿ ನೋಡುತ್ತ ಮಲಗಿದ್ದ. ಹೊದಿಕೆ ಬಲಗಾಲ ಮೇಲೆ ಉಬ್ಬಿ ಎಡಕ್ಕೆ ಚಪ್ಪಟೆಯಾಗಿತ್ತು. ಮುನಿಶಾಮಮ್ಮ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ತೊಡೆಯ ಮೇಲೆ ಒಂದು ಬಟ್ಟೆಯ ಗಂಟು. ಡಾಕ್ಟರು ಬಂದದ್ದನ್ನು ಕಂಡು ಎದ್ದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಕೈಗಳನ್ನು. ಆದಿನಾರಾಯಣ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದ. ನಾಡಿ ನೋಡಬೇಕಿತ್ತು, ಮತ್ತೆ ತೆಗೆದ. ನಾಡಿ ಚೆನ್ನಾಗಿತ್ತು, ಜ್ವರ ಇಳಿದಿತ್ತು. ಬದುಕುತ್ತಾನೆ. ಬದುಕಿಸಿದ್ದು ತಾನು. ಇದನ್ನು ಈ ಕೋಣೆಯಲ್ಲಿ ಯಾರಾದರೂ ಒಂದು ಸಲ ಅಂದರೆ ಸಾಕಾಗಿತ್ತು ಎನ್ನಿಸಿತು. ಯಾರೂ ಅನ್ನಲಿಲ್ಲ.

ಚಿಕ್ಕಮುನಿಯಪ್ಪ ಛಾವಣಿಯಿಂದ ಕಣ್ಣು ತೆಗೆಯದೆ ಆರುಮುಗನಿಗೆ ಹೇಳಿದ: ‘ಅಣ್ಣಾ, ದೊರೇನ ಕೇಳು. ಕಾಲು ಎಲ್ಲಿ ಮಡಗವ್ರೆ ಅಂತ.’

‘ಎತ್ಕಂಡೋಗ್ತೀವಿ’ ಎಂದಳು ಮುನಿಶಾಮಮ್ಮ. ‘ನಮ್ಮೋರ್ನೆಲ್ಲ ಮಡಗಿರೋ ತಾವ್ ಮಣ್ಣು ಮಾಡ್ಬೇಕು. ಮುಂದೆ ಆವಯ್ಯನೂ ಅಲ್ಲಿಗೇ ಅಲ್ವಾ ಬರೋದು. ಒಂದೇ ತಾವ್ ಇರ್ಬೇಕು. ಬಿಸ್ಲೇರೋಕ್ ಮುಂಚೆ ಕೊಟ್ಬುಡಾಕ್ ಯೋಳು.’

ಕಾಲು ಇರಲಿಲ್ಲ. ನಿನ್ನೆ ಥಿಯೇಟರಿನಲ್ಲಿ ಬಕೆಟ್ಟು ಹಿಡಿದು ನಿಂತ ಆಳಿಗೆ ಆದಿನಾರಾಯಣ ತಿರುಗಿಯೂ ನೋಡದೆ ‘ಬಾಯ್ಲರ್’ ಎಂದಿದ್ದ. ಸೋಂಕು ಹತ್ತಿದ್ದನ್ನು ಸುಡಬೇಕು. ಗ್ಲಾಸ್ಗೋದಲ್ಲೂ ಸುಡುತ್ತಿದ್ದರು, ಇಲ್ಲೂ ಹಾರ್ಪರನ ನಿಯಮ ಅದೇ. ಆಸ್ಪತ್ರೆಯ ಹಿಂದಿನ ಬಾಯ್ಲರಿನ ಒಲೆಯಲ್ಲಿ, ಬ್ಯಾಂಡೇಜಿನ ಜೊತೆ, ಹತ್ತಿಯ ಜೊತೆ. ಇವರು ಕೇಳುತ್ತಾರೆ ಎಂದು ತೋಚಿರಲಿಲ್ಲ ಎಂದು ಅವನು ಪ್ರಮಾಣ ಮಾಡಿ ಹೇಳಬಹುದಿತ್ತು, ಯಾರೆದುರಿಗಾದರೂ. ದೊಡ್ಡಪ್ಪ ಸೊಣ್ಣಪ್ಪನ ಎದುರು ಮಾತ್ರ ಸಾಧ್ಯವಿರಲಿಲ್ಲ. ಸೊಣ್ಣಪ್ಪನ ಎರಡು ಬೆರಳು ಆಲೆಮನೆಯ ಗಾಣಕ್ಕೆ ಸಿಕ್ಕಿ ಹೋದಾಗ ಅಜ್ಜಿ ಪಿಳ್ಳಮ್ಮ ಕಬ್ಬಿನ ಸಿಪ್ಪೆಯ ನಡುವೆ ಕೂತು ಹುಡುಕಿದಳು. ಸೊಣ್ಣಪ್ಪ ಆ ಕಡೆ ನರಳುತ್ತಿದ್ದ, ಅವಳು ಈ ಕಡೆ ಹುಡುಕುತ್ತಿದ್ದಳು. ಸಿಕ್ಕಿದ್ದನ್ನು ಬಾಳೆ ಎಲೆಯಲ್ಲಿಟ್ಟು ಅರಿಸಿನ ಹಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದುಕೊಂಡು ತೋಪಿಗೆ ಹೋದಳು. ಮಣ್ಣು ಮುಚ್ಚಿ ಮೇಲೆ ಹಾಲು ಬಿಟ್ಟಳು. ‘ನಾಳೆ ಇವ್ನು ಓದಾಗ ಎಲ್ಲಾ ಒಂದ್ ಕಡೆ ಸೇರ್ಬೇಕು ಕಣ್ಲಾ ಆದಿ. ಬೆಂಕಿಗ್ ಬಿದ್ರೆ ಎಲ್ಲಿ ಅಂತ ಉಡುಕ್ತಾನೆ’ ಎಂದಿದ್ದಳು. ಹೂಳುವ ಮನೆತನ ಅವರದು. ಸುಡುವುದೆಂದರೆ ಅವನ ಅಜ್ಜಿಗೆ ಬೈಗುಳ. ಬಾಯ್ಲರ್ ಎಂದಾಗ ಈ ಯಾವುದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಾರದ ಹಾಗೆ ಎಷ್ಟು ಕಷ್ಟಪಟ್ಟು ತನ್ನನ್ನು ತಿದ್ದಿಕೊಂಡಿದ್ದ.

ಆರುಮುಗನಿಗೆ ಬಾಯ್ಲರಿನ ವಿಷಯ ಗೊತ್ತಿತ್ತು. ಅವನು ಒಮ್ಮೆ ಡಾಕ್ಟರ ಮುಖ ನೋಡಿದ. ಆ ನೋಟದಲ್ಲಿ ಯಜಮಾನನ ಮಾನ ಕಾಯುವ ಆಳಿನ ಜಾಣತನವಿತ್ತು, ಅದು ಆದಿನಾರಾಯಣನಿಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು. ‘ಆಗ್ಲೇ ಮಣ್ಣು ಮಾಡಾಯ್ತಮ್ಮಾ’ ಎಂದ ಆರುಮುಗಂ ಸರಾಗವಾಗಿ. ‘ಆಸ್ಪತ್ರೆ ಇಂದ್ಗಡೆ. ರೂಲ್ಸು ಅಂಗೈತೆ. ಮರ್ಯಾದಿಯಾಗೇ ಮಾಡವ್ರೆ.’

ಮುನಿಶಾಮಮ್ಮ ಏನೋ ಹೇಳಹೊರಟಳು. ಅಷ್ಟರಲ್ಲಿ ಆಗಬಾರದ್ದೊಂದು ಆಯಿತು. ಚಿಕ್ಕಮುನಿಯಪ್ಪ ಕತ್ತು ತಿರುಗಿಸಿ, ಆರುಮುಗನನ್ನು ದಾಟಿ, ಆದಿನಾರಾಯಣನ ಕಣ್ಣಿಗೆ ಕಣ್ಣಿಟ್ಟು ನೋಡಿದ. ‘ದಿಟಾನಾ ಸಾಮಿ?’ ಎಂದ.

ಈ ಆಸ್ಪತ್ರೆಯಲ್ಲಿ ರೋಗಿಯೊಬ್ಬ ನೇರವಾಗಿ ಅವನನ್ನು ಕೇಳಿದ ಮೊದಲ ಮಾತು ಅದು. ಅದಕ್ಕಾಗಿ ಅವನು ಎಷ್ಟು ದಿನ ಹಲ್ಲು ಕಚ್ಚಿ ಕಾದಿದ್ದ. ಆರುಮುಗಂ ಬಾಯಿ ತೆರೆದವನು ಮುಚ್ಚಿಕೊಂಡ. ಪಕ್ಕದ ಹಾಸಿಗೆಯವರು ಕೂಡ ಕೆಮ್ಮು ತಡೆದು ನೋಡಿದರು. ಹೇಳಬೇಕಾದದ್ದು ಒಂದೇ ಮಾತು, ಇಲ್ಲ. ಆದಿನಾರಾಯಣ ಬಾಯಿ ತೆರೆದ. ತೆರೆದರೆ ಅಲ್ಲಿಂದ ಬಂದದ್ದು ಅವನಿಗೇ ಗುರುತು ಸಿಗದ, ಆದರೆ ಅವನದೇ ಆದ, ಹಾಸ್ಟೆಲಿಗೂ ಮುಂಚಿನ ಧ್ವನಿ. ‘ಊಂ ಕಣಪ್ಪಾ, ದಿಟ. ನಾನೇ ಮುಂದೆ ನಿಂತ್ಕಂಡು ಮಾಡಿಸ್ದೆ. ಅರಿಸ್ಣ ಅಚ್ಚಿ, ಬಾಳೆ ಎಲೆ ಮೇಲೆ ಇಕ್ಕಿ ಮಣ್ಣೆಳೆದ್ವಿ. ಮ್ಯಾಲೆ ಆಲು ಬುಟ್ಟೆ. ನಮ್ಮೂರ್ ಕಡೆ ಎಂಗ್ ಮಾಡ್ತಾರೋ ಅಂಗೇ. ನೀನ್ ಅದಕ್ ಯೋಚ್ನೆ ಮಾಡ್ಬೇಡ.’ ಒಂದು ಕಡೆಯೂ ನಾಲಿಗೆ ತೊಡರಲಿಲ್ಲ. ಒಂದು ಹಕಾರವೂ ಅಡ್ಡ ಬರಲಿಲ್ಲ. ಅಣಕದ ಧ್ವನಿ ಎಲ್ಲೂ ಇರಲಿಲ್ಲ. ಚಿಕ್ಕಮುನಿಯಪ್ಪನ ಮುಖದ ಗಂಟು ನಿಧಾನವಾಗಿ ಸಡಿಲಿತು, ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಹರಿಯಿತು. ಅವನು ಎರಡೂ ಕೈ ಎತ್ತಿ ಮುಗಿದ. ಪೂರ್ತಿ ಅರ್ಥವಾಗಿತ್ತು. ಮಧ್ಯೆ ಯಾರೂ ಇರಲಿಲ್ಲ. ಆದಿನಾರಾಯಣನಿಗೆ ಒಂದು ಕ್ಷಣ ಸುಖವಾಯಿತು, ಸುಖವೇ. ಆಮೇಲೆ ತಾನು ಆಡಿದ್ದು ಏನೆಂದು ಅವನ ಕಿವಿಗೇ ಬಿತ್ತು.

‘ಅಂಗಾದ್ರೆ ತೋರ್ಸಿ’ ಎಂದಳು ಮುನಿಶಾಮಮ್ಮ. ಅವಳೂ ಈಗ ಆರುಮುಗನ ಕಡೆ ನೋಡುತ್ತಿರಲಿಲ್ಲ. ‘ಕೈ ಮುಗ್ದು ಬತ್ತೀನಿ.’

ಆರುಮುಗಂ ಅಡ್ಡ ಬಂದ, ಡಾಕ್ಟರಿಗೆ ರೌಂಡ್ಸ್ ಇದೆ, ಸಾಯಂಕಾಲ ತಾನೇ ತೋರಿಸುತ್ತೇನೆ ಎಂದ. ‘ನಿನ್ ಕೇಳ್ಳಿಲ್ಲ’ ಎಂದಳು ಅವಳು. ಆದಿನಾರಾಯಣ ಮುಂದೆ ನಡೆದ. ಏಕೆ ನಡೆದ ಎಂದರೆ ಅವನಿಗೇ ಗೊತ್ತಿಲ್ಲ. ನಿಂತಲ್ಲೇ ನಿಲ್ಲುವುದಕ್ಕಿಂತ ಅದು ಸುಲಭವಾಗಿತ್ತು. ವಾರ್ಡಿನ ಹಿಂಬಾಗಿಲು ದಾಟಿ, ಬಾಯ್ಲರಿನ ಕೊಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಗೋಡೆಯ ಬದಿಯಲ್ಲಿ ಹೋದ. ಅವಳ ಬರಿಗಾಲು ಹಿಂದೆ ಸದ್ದಿಲ್ಲದೆ ಬರುತ್ತಿತ್ತು. ಚಿಕ್ಕಮುನಿಯಪ್ಪನ ವಾರ್ಡಿನ ಕಿಟಕಿಯಿಂದ ತುಸು ದೂರದಲ್ಲಿ ಒಂದು ಬೇವಿನ ಗಿಡವಿತ್ತು, ಅದರ ನೆರಳಿನಲ್ಲಿ ನಿಂತು ಅವನು ನೆಲ ತೋರಿಸಿದ. ‘ಇಲ್ಲಿ.’

ನೆಲ ಬಿರುಕು ಬಿಟ್ಟು ಗಟ್ಟಿಯಾಗಿ, ಕಲ್ಲು ಹರಳು ಮೇಲೆದ್ದು ಬಿದ್ದಿತ್ತು. ಗರಿಕೆಯ ಒಣಗಿದ ಬೇರು ಒಂದರ ಮೇಲೊಂದು ಹೆಣೆದುಕೊಂಡಿತ್ತು. ಯುಗಾದಿಯಿಂದ ಇತ್ತೀಚೆಗೆ ಅಲ್ಲಿ ಯಾರೂ ಒಂದು ಕಡ್ಡಿಯನ್ನೂ ಊರಿರಲಿಲ್ಲ ಎಂಬುದು ಕುರುಡನಿಗೂ ಕಾಣುವಂತಿತ್ತು. ಮುನಿಶಾಮಮ್ಮ ನೆಲ ನೋಡಿದಳು. ಆಮೇಲೆ ತಲೆಯೆತ್ತಿ ಬಾಯ್ಲರಿನ ಹೊಗೆಗೊಳವೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ‘ಸುಟ್ರಾ?’ ಎಂದಳು.

ಅವನು ಹೊಗೆಗೊಳವೆಯ ಕಡೆ ನೋಡಿದ. ಅವಳೆಂದಳು: ‘ನಿನ್ನೇ ಕೇಳ್ತಿರೋದು. ಬಾಯೈತಲ್ಲ ಈಗ.’

‘ಊಂ’ ಎಂದ.

‘ಕಾಲು ತೆಗೀತಾರೆ ಅಂತ ನಿನ್ನೇನೇ ಗೊತ್ತಿತ್ತಾ ನಿಂಗೆ? ಆ ಡ್ರೆಸ್ಸರು ಕೀವು ಕ್ಲೀನು ಅಂತ ಯೋಳೋವಾಗ ಅಲ್ಲೇ ಕುರ್ಚಿ ಮೇಲೆ ಕುಂತಿದ್ದೆ.’

‘ಗೊತ್ತಿತ್ತು.’

ಅವಳು ಕಿರುಚಲಿಲ್ಲ. ಕಿರುಚಿದ್ದರೆ ಜನ ಸೇರುತ್ತಿದ್ದರು, ಹಾರ್ಪರ್ ಬರುತ್ತಿದ್ದ, ವಿಷಯ ಇಂಗ್ಲಿಷಿಗೆ ತಿರುಗುತ್ತಿತ್ತು, ಅವನು ಬಚಾವಾಗುತ್ತಿದ್ದ. ‘ನೀನ್ ನಮ್ಮೋನು ಅಂತ ನನ್ಗೆ ತಿಳೀನಿಲ್ಲ’ ಎಂದಳು ಅವಳು ಸಣ್ಣ ಧ್ವನಿಯಲ್ಲಿ. ‘ತಿಳಿದಿದ್ರೆ ನಿನ್ನೇನೇ ಜುಟ್ಟು ಇಡ್ಕಂಡು ಕೇಳ್ತಿದ್ದೆ. ದೊರೆ ಅಂದ್ಕಂಡು ಸುಮ್ಕಿದ್ದೆ.’ ಸುತ್ತ ನೋಡಿದಳು. ಮಾಲಿಯ ಗುದ್ದಲಿ ಗೋಡೆಗೆ ಒರಗಿತ್ತು. ‘ತತ್ತಾ ಅದ.’

ಅವನು ತಂದ. ಅವಳು ಕೈಚಾಚಲಿಲ್ಲ. ‘ಅಗಿ’ ಎಂದಳು.

ಆದಿನಾರಾ­ಯಣ ಕೋಟು ಬಿಚ್ಚಿ ಗಿಡದ ಕೊಂಬೆಗೆ ಹಾಕಿ ಅಗೆದ. ನೆಲ ಮೊದಲ ಏಟಿಗೆ ಕಿಡಿ ಹಾರಿಸಿತು. ಕೈ ಮರೆತಿತ್ತು, ಬೇಗನೆ ಬೊಬ್ಬೆ ಎದ್ದಿತು. ವರಾಂಡದ ತುದಿಯಲ್ಲಿ ಹಾರ್ಪರ್ ಪೈಪು ಬಾಯಲ್ಲಿಟ್ಟುಕೊಂಡು ಬಂದು ನಿಂತದ್ದನ್ನು ಕಂಡ. ‘ಆದಿ, ಇದೇನು ಮಾಡುತ್ತಿದ್ದೀ?’ ಎಂದದ್ದೂ ಕೇಳಿಸಿತು. ಉತ್ತರಕ್ಕೆ ಯಾವ ಭಾಷೆಯೂ ಒದಗಲಿಲ್ಲ. ಹಾರ್ಪರ್ ಸ್ವಲ್ಪ ಹೊತ್ತು ನೋಡಿ, ಭುಜ ಕುಣಿಸಿ ಒಳಗೆ ಹೋದ. ಮೊಣಕೈ ಆಳವಾದಾಗ ಮುನಿಶಾಮಮ್ಮ ‘ಸಾಕು’ ಎಂದಳು. ಗಂಟು ಬಿಚ್ಚಿ ಗಂಡನ ಎಡಗಾಲಿನ ಮೆಟ್ಟು ತೆಗೆದಳು. ಕಾಲು ಊದಿ ಹಾಕಿಕೊಳ್ಳಲಾಗದೆ ಅವಳೇ ಗಂಟಿನಲ್ಲಿಟ್ಟುಕೊಂಡು ಬಂದದ್ದು. ಹಿಮ್ಮಡಿಯ ಕಡೆ ಸವೆದು, ಹೆಬ್ಬೆರಳಿನ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು. ಅದನ್ನು ಗುಂಡಿಗೆ ಇಳಿಸಿ, ‘ಮುಚ್ಚು’ ಎಂದಳು. ಅವನು ಮುಚ್ಚಿದ. ಅವಳು ಮಣ್ಣನ್ನು ಬರಿಗಾಲಲ್ಲಿ ತುಳಿದು ಗಟ್ಟಿ ಮಾಡಿದಳು. ಕೈ ಮುಗಿಯಲಿಲ್ಲ. ‘ಆವಯ್ಯ ಎದ್ದು ಬಂದು ನೋಡ್ದಾಗ ಮಣ್ಣು ಅಗ್ದಿರೋದಾದ್ರೂ ಕಾಣ್ಬೇಕು. ನೀನ್ ಇನ್ನೊಂದ್ ಕಿತ ನಮ್ ಆಸ್ಗೆ ತಾವ್ ಬರ್ಬೇಡ’ ಎಂದು ಹೇಳಿ ಹಿಂಬಾಗಿಲಿಂದ ಒಳಗೆ ಹೋದಳು.

ಅವನಿಗೆ ಕೋಟು ಹಾಕಿಕೊಳ್ಳಬೇಕೆಂದು ಹೊಳೆಯಲಿಲ್ಲ. ಗುದ್ದಲಿಯನ್ನು ಗೋಡೆಗೆ ಒರಗಿಸಲು ಹೋದವನು ಕಿಟಕಿಯ ಕೆಳಗೆ ಬಂದಿದ್ದ. ಒಳಗೆ ಅವಳ ಧ್ವನಿ ಕೇಳಿಸಿತು. ‘ನೋಡ್ಕಂಡ್ ಬಂದೆ. ಬೇವಿನ ಗಿಡದ ಬುಡ್ದಾಗೈತೆ. ಡಾಕ್ಟ್ರೇ ಕೈಯಾರ ಗುದ್ಲಿ ಇಡ್ದು ಮಣ್ಣೆಳ್ದವ್ರೆ, ನಾನೇ ಕಣ್ಣಾರ ಕಂಡೆ.’

ಮಂಚ ಕಿರುಗುಟ್ಟಿತು. ಆಮೇಲೆ ಚಿಕ್ಕಮುನಿಯಪ್ಪ ಅಂದ: ‘ದೊರೆಗಳು ಎಲ್ಲಾದ್ರೂ ಗುದ್ಲಿ ಇಡೀತಾರೇನೇ. ಯಾಕ್ ಸುಳ್ಳ್ ಯೋಳ್ತೀಯ.’ ಅವನ ಧ್ವನಿ ಮೊದಲಿನ ಹಾಗಿರಲಿಲ್ಲ, ಏನೋ ಒಡೆಯತೊಡಗಿತ್ತು. ‘ನೀನೂ ಯೋಳ್ತೀಯ. ಅಂಗಾದ್ರೆ ಡಾಕ್ಟ್ರು ಯೋಳಿದ್ದೂ ಸುಳ್ಳೇನೋ. ನಿಜ ಯೋಳು, ಎಲ್ಲಿ ಆಕಿದ್ರು ನನ್ ಕಾಲ?’

‘ಅಯ್ಯೋ, ಇಲ್ಲೇ ಕಿಟ್ಕಿ ಆಚೆ ನಿಂತವ್ರೆ ನೋಡು. ಕೈಲಿ ಗುದ್ಲಿ ಐತೆ. ಕರೀತೀನಿ ಇರು.’

ತಲೆಯೆತ್ತಿ ನಿಂತಿದ್ದರೆ ಸಾಕಾಗಿತ್ತು. ಬೆವರಿದ ಅಂಗಿ, ಮಣ್ಣಾದ ಕೈ, ಗುದ್ದಲಿ. ಒಂದು ಮಾತೂ ಬೇಕಿರಲಿಲ್ಲ. ಅವಳ ಬಳೆಗಳ ಸದ್ದು ಕಿಟಕಿಯ ಹತ್ತಿರ ಬಂತು. ವಾರ್ಡಿನಲ್ಲಿ ಸಿಸ್ಟರು ಇದ್ದಾಳೆ, ಆರುಮುಗಂ ಇದ್ದಾನೆ, ಹಾಸಿಗೆಗಳ ಎರಡು ಸಾಲೂ ನೋಡುತ್ತದೆ ಎಂಬುದು ಆದಿನಾರಾಯಣನ ತಲೆಗೆ ಬಂತು. ಅದು ಬಂದದ್ದೇ ತಡ, ಗುದ್ದಲಿಯನ್ನು ಎದೆಗೆ ಅವಚಿಕೊಂಡು ಅವನು ಕಿಟಕಿಯ ಕೆಳಗೆ ಗೋಡೆಗಂಟಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಮುನಿಶಾಮಮ್ಮ ಸರಳುಗಳ ನಡುವಿನಿಂದ ಆಚೆ ನೋಡಿದಳು. ಗಿಡ, ಕೊಂಬೆಯ ಮೇಲೆ ಕೋಟು. ಆಮೇಲೆ ಕೆಳಗೆ ನೋಡಿದಳು. ಅವನು ಮುಖ ಎತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

‘ಇಲ್ಲ’ ಎಂದಳು ಒಳಕ್ಕೆ ತಿರುಗಿ. ‘ಯಾರೂ ಇಲ್ಲ.’